ಪದಮೂಲ

ನದಿಮೂಲ, ಋಷಿಮೂಲಗಳನ್ನು ಕೇಳಬಾರದೆಂದು ನಮ್ಮ ಹಿರಿಯರ ಮಾತು. ಪದಮೂಲವನ್ನು ಅವರು ಏಕೋ ಆ ಪಟ್ಟಿಗೆ ಸೇರಿಸಲಿಲ್ಲ. ಆ ಸಲುಗೆಯಿಂದಲೇ ನಾನೊಂದು ಪದದ ಬೆನ್ನು ಹತ್ತಿದೆ.

ಆವರಗೆರೆ, ದಾವಣಗೆರೆಯ ಕಡೆಯ ಹಳಬರ ಬಾಯಲ್ಲಿ ‘ಕಾಟನ್ ಮಿಲ್ಲು’ ಎಂಬ ಮಾತು ಇನ್ನೂ ಉಳಿದಿದೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲ ಹೋಯಿತು. ಬಟ್ಟೆ ಗಿರಣಿಗಳು ಹಲವು ಬಾಗಿಲು ಹಾಕಿದವು. ಹೆಸರು ಮಾತ್ರ ಹೋಗಲಿಲ್ಲ. ಅಪ್ಪಟ ಇಂಗ್ಲಿಷೆಂದು ನಾವು ನಂಬಿರುವ ಈ ಜೋಡಿಪದದಲ್ಲಿ ಎರಡೂ ಇಂಗ್ಲಿಷಿಗೆ ಹೊರಗಿನಿಂದ ಬಂದವೇ. ‘ಕಾಟನ್’ ಎಂಬುದು ಅರಬ್ಬಿಯ ‘ಕುತ್ನ್’. ಫ್ರೆಂಚರ ಮನೆಯಲ್ಲಿ ತಂಗಿದ್ದು ಇಂಗ್ಲೆಂಡಿಗೆ ಬಂತು. ‘ಮಿಲ್’ ಹುಟ್ಟಿದ್ದು ಲ್ಯಾಟಿನ್ನಿನ ‘ಮೋಲಾ’ ಎಂಬುದರಿಂದ. ಹಾಗೆಂದರೆ ಬೀಸುವ ಕಲ್ಲು. ಕಾಳು ಬೀಸುತ್ತಿದ್ದ ನೀರಿನ ಚಕ್ರ ಬರಬರುತ್ತ ಬೇರೆ ಕೆಲಸಗಳಿಗೂ ಒದಗಿತು. 1771ರಲ್ಲಿ ಆರ್ಕ್‌ರೈಟ್ ಎಂಬವನು ಕ್ರಾಮ್‌ಫರ್ಡಿನಲ್ಲಿ ಕಟ್ಟತೊಡಗಿದ ಕಾರ್ಖಾನೆಯಲ್ಲಿ ಅದು ಹತ್ತಿ ನೂಲುವ ಯಂತ್ರಗಳನ್ನು ತಿರುಗಿಸಿತು. ಕಲ್ಲು ಹೋಯಿತು, ಹೆಸರು ನಿಂತಿತು. ನಾವೂ ಹಾಗೆಯೇ ಅಲ್ಲವೆ? ಹಿಟ್ಟಿನದೂ ಗಿರಣಿ, ಬಟ್ಟೆಯದೂ ಗಿರಣಿ.

ಈಗ ಪ್ರಶ್ನೆ: ಮೂಲದ ಅರ್ಥವೇ ನಿಜವಾದ ಅರ್ಥವೆ? ಪದಗಳ ಮೂಲವನ್ನು ಅರಸುವ ಶಾಸ್ತ್ರಕ್ಕೆ ಇಂಗ್ಲಿಷಿನಲ್ಲಿ ‘ಎಟಿಮಾಲಜಿ’ ಎಂದು ಹೆಸರು. ಅದರೊಳಗಿನ ಗ್ರೀಕ್ ಮಾತಿಗೆ ‘ನಿಜ’ ಎಂದೇ ಅರ್ಥ. ಹಳೆಯದೇ ನಿಜವೆಂಬ ಭ್ರಮೆ ಶಾಸ್ತ್ರದ ಹೆಸರಿನಲ್ಲಿಯೇ ಕುಳಿತಿದೆ. ಆ ಲೆಕ್ಕದಲ್ಲಿ ಕಾಳು ಬೀಸದ ನಮ್ಮ ಮಿಲ್ಲು ಸುಳ್ಳು. ಅಲ್ಲಿ ಹಗಲುಪಾಳಿ ರಾತ್ರಿಪಾಳಿ ದುಡಿದವರ ಬೆವರೂ ಸುಳ್ಳೆನ್ನಬೇಕಾದೀತು.

ಪದದ ಮಟ್ಟಿಗೆ ಇದು ನಗೆಯ ಮಾತು. ಮನುಷ್ಯರ ಮಟ್ಟಿಗೆ ನಾವು ನಗುವುದಿಲ್ಲ. ಹೊಸಬರು ಕಂಡರೆ ‘ನೀವು ಯಾರ ಪೈಕಿ?’ ಎಂದು ಕೇಳುತ್ತೇವೆ. ಉತ್ತರ ಸಿಕ್ಕೊಡನೆ ಅವರ ಯೋಗ್ಯತೆಯೆಲ್ಲ ತಿಳಿಯಿತೆಂದು ಸಮಾಧಾನಪಡುತ್ತೇವೆ. ಬದುಕಿ ಅವರು ಗಳಿಸಿಕೊಂಡ ಅರ್ಥವೇನೆಂದು ಕೇಳುವಷ್ಟು ತಾಳ್ಮೆ ನಮಗಿಲ್ಲ.

ಹಾಗಾದರೆ ಮೂಲವನ್ನು ಹುಡುಕಲೇಬಾರದೆ? ಹುಡುಕಬೇಕು, ಆದರೆ ನಮಗೆ ಅನುಕೂಲವಾದ ಕಡೆ ನಿಲ್ಲಬಾರದು. ಹರಿಹರದಲ್ಲಿ ನಿಂತು ತುಂಗಭದ್ರೆಯನ್ನು ನೋಡಿ. ಹೊಳೆಯ ಜಾಡು ಹಿಡಿದು ಮೇಲಕ್ಕೆ ನಡೆದರೆ ಕೂಡಲಿಯಲ್ಲಿ ಒಂದು ಎರಡಾಗುತ್ತದೆ. ಇನ್ನೂ ನಡೆದರೆ ಎರಡೂ ಲೆಕ್ಕವಿಲ್ಲದ ಹಳ್ಳಗಳಾಗಿ ಕಾಡಿನಲ್ಲಿ ಹರಡಿಹೋಗುತ್ತವೆ. ನನ್ನ ಮೂಲ ಒಂದೇ, ಅದು ಶುದ್ಧ ಎನ್ನುವವನು ಸ್ವಲ್ಪ ದೂರ ಮಾತ್ರ ನಡೆದು ಕುಳಿತವನು. ಕೇಳಬಾರದೆಂದು ಹಿರಿಯರು ಹೇಳಿದ್ದು ಬಹುಶಃ ಜಂಬ ಮುರಿದೀತೆಂಬ ಕನಿಕರದಿಂದ. ಮುರಿದರೆ ಮುರಿಯಲಿ. ಕೊನೆಯವರೆಗೆ ಹುಡುಕಿ ಹೊರಟವನಿಗೆ ದಾರಿಯುದ್ದಕ್ಕೂ ನೆಂಟರೇ ಸಿಕ್ಕುತ್ತಾರೆ.