ಗೋಡೆಯ ಹೊರಗೆ ಯಾರಿದ್ದರು?

ಬನಹಟ್ಟಿಯ ನಮ್ಮ ತರಗತಿಯಲ್ಲಿ ಕಿಟಕಿ ಮುಚ್ಚಿದರೂ ಮಗ್ಗದ ಸಪ್ಪಳ ಕೇಳುತ್ತದೆ. ಆ ಸಪ್ಪಳದ ನಡುವೆಯೇ ಒಂದು ಮಧ್ಯಾಹ್ನ ಮಕ್ಕಳಿಗೆ ಅಂಜದೀವದ ಕೋಟೆಯ ಹಳೆಯ ಚಿತ್ರವೊಂದನ್ನು ತೋರಿಸುತ್ತಿದ್ದೆ. ಅದು ಕಾರವಾರದ ಹತ್ತಿರ ಸಮುದ್ರದಲ್ಲಿರುವ ಪುಟ್ಟ ದ್ವೀಪ; ಆಡಳಿತದ ಲೆಕ್ಕದಲ್ಲಿ ಗೋವೆಗೆ ಸೇರಿದ್ದು. ಹಿಂದಿನ ಬೆಂಚಿನಿಂದ ಹುಡುಗಿಯೊಬ್ಬಳು ಎದ್ದು, “ಸರ್, ಈ ಕ್ವಾಟಿ ನಮ್ದೇನ್ರಿ, ಅವರದೇನ್ರಿ?” ಎಂದಳು.

“ನಾಳೆ ಹೇಳ್ತೀನಿ, ಕುಂದ್ರವಾ” ಎಂದೆ.

ಉತ್ತರ ಇರಲಿಲ್ಲವೆಂದಲ್ಲ. ಸುಲಭದ ಉತ್ತರಗಳು ಎರಡಿದ್ದವು. ಕಟ್ಟಿದವರು ಪೋರ್ಚುಗೀಸರು, ಆದ್ದರಿಂದ ಅವರದು. 1961ರಲ್ಲಿ ಭಾರತ ಅದನ್ನು ಗೆದ್ದುಕೊಂಡಿತು, ಆದ್ದರಿಂದ ನಮ್ಮದು. ಎರಡೂ ಸುಳ್ಳಲ್ಲ. ಆದರೆ ಎರಡರಲ್ಲೂ ಏನೋ ಬಿಟ್ಟುಹೋಗುತ್ತಿದೆ ಅನಿಸಿ ಸುಮ್ಮನಾದೆ.

ದ್ವೀಪದ ಕಥೆಯನ್ನೇ ನೋಡಿ. 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿ ತಂಗಿದ್ದ. 1505ರಲ್ಲಿ ಅಲ್ಮೇಡಾ ಅಲ್ಲೊಂದು ಕೋಟೆ ಕಟ್ಟಿಸಿದ. ಮರುವರ್ಷವೇ ಪೋರ್ಚುಗೀಸರು ಅದನ್ನು ತಾವಾಗಿ ಬಿಟ್ಟುಹೋದರು. ಮುಂದೆ ಅವರ ಕೋಟೆಗಳು ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿ ಎದ್ದವು. 1580ರಿಂದ 1640ರವರೆಗೆ ಪೋರ್ಚುಗಲ್ಲಿನ ಕಿರೀಟ ಸ್ಪೇನಿನ ದೊರೆಗಳ ತಲೆಯ ಮೇಲಿತ್ತು. ಹಾಗಾಗಿ ನಮ್ಮ ಕರಾವಳಿಯ ಆ ಕೋಟೆಗಳೂ ಅರವತ್ತು ವರ್ಷ ಸ್ಪೇನಿನ ದೊರೆಯ ಹೆಸರಿನಲ್ಲಿದ್ದವು. ಗೋಡೆಯ ಕೆಳಗೆ ಅಕ್ಕಿ ಮೂಟೆ ಹೊರುತ್ತಿದ್ದ ಹಮಾಲನಿಗೆ ಒಡೆಯ ಬದಲಾದದ್ದು ತಿಳಿದಿತ್ತೋ ಇಲ್ಲವೋ. ತಿಳಿದಿದ್ದರೂ ಮೂಟೆಯ ತೂಕ ಕಡಿಮೆಯಾಗುತ್ತಿರಲಿಲ್ಲ. 1650ರ ದಶಕದಲ್ಲಿ ಕೆಳದಿಯ ಶಿವಪ್ಪನಾಯಕ ಆ ಕೋಟೆಗಳನ್ನು ಕಿತ್ತುಕೊಂಡ. ಅದು ನಮಗೆ ಹೆಮ್ಮೆಯ ಸಂಗತಿ. ಮೂಟೆಯ ಮಾತು ಮಾತ್ರ ಆಗಲೂ ಯಾರೂ ಎತ್ತಲಿಲ್ಲ.

ಅಂಜದೀವಕ್ಕೆ 1662ರಲ್ಲಿ ಬಂದವರು ಇಂಗ್ಲಿಷರು. ಮದುವೆಯ ಬಳುವಳಿಯಾಗಿ ಮುಂಬಯಿ ತಮ್ಮ ದೊರೆಗೆ ಸಿಕ್ಕಿದೆಯೆಂದು ನಂಬಿ, ಅಬ್ರಹಾಂ ಶಿಪ್‌ಮನ್ನನ ಹಿಂದೆ ಸುಮಾರು ಐನೂರು ಸಿಪಾಯಿಗಳು ಹೊರಟಿದ್ದರು. ಪೋರ್ಚುಗೀಸರು ಮುಂಬಯಿ ಬಿಟ್ಟುಕೊಡಲಿಲ್ಲ. ಹೋಗಲು ಬೇರೆ ನೆಲೆಯಿಲ್ಲದೆ ಈ ದಂಡು ದ್ವೀಪದಲ್ಲಿ ಕಾದು ಕುಳಿತಿತು. ಮಳೆ ಬಂತು, ರೋಗ ಬಂತು. ಶಿಪ್‌ಮನ್ ಅಲ್ಲೇ ಸತ್ತ. ಕೊನೆಗೆ ಮುಂಬಯಿ ಮುಟ್ಟಿದ ಸಿಪಾಯಿಗಳು ನೂರರ ಆಸುಪಾಸು. ದೊರೆಗಳ ಮದುವೆಯ ಲೆಕ್ಕದಲ್ಲಿ ಸತ್ತ ಆ ಬಡವರನ್ನು “ಅವರು” ಎಂದು ಒಂದೇ ಗಂಟಿನಲ್ಲಿ ಕಟ್ಟಿಡಲು ನನಗೆ ಮನಸ್ಸು ಬಾರದು.

ಶಂಭಾಜಿಯ ದಂಡು ದ್ವೀಪವನ್ನು ಹಿಡಿದೀತೆಂಬ ಭಯದಿಂದ 1682ರಲ್ಲಿ ಪೋರ್ಚುಗೀಸರು ಮತ್ತೆ ಕೋಟೆ ಕಟ್ಟಿದರು. ಅಲ್ಲಿಂದ 1961ರ ನವೆಂಬರಿನಲ್ಲಿ ನಮ್ಮ ಹಡಗಿನ ಮೇಲೆ ಗುಂಡು ಹಾರಿತು. ಡಿಸೆಂಬರ್ 18ರಂದು ನಮ್ಮ ನೌಕಾಪಡೆ ದ್ವೀಪಕ್ಕೆ ಇಳಿದಾಗ ಏಳು ನಾವಿಕರು ಜೀವ ಕೊಟ್ಟರು. ಈಗ ಅದು ನೌಕಾನೆಲೆಯ ಭಾಗ.

ಇಷ್ಟನ್ನು ಯೋಚಿಸುತ್ತ ಆ ಸಂಜೆ ಮನೆಗೆ ಹೋಗುವಾಗ ನೆನಪಾದದ್ದು ಸಮುದ್ರವಲ್ಲ, ಹಲಗಲಿ. ನಮ್ಮ ಮುಧೋಳ ತಾಲ್ಲೂಕಿನ ಹಳ್ಳಿ. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಕಾನೂನು ಬಂದಾಗ, ಬೇಟೆಯಿಂದ ಬದುಕುವ ಅಲ್ಲಿನ ಬೇಡರು ಒಪ್ಪಲಿಲ್ಲ. ಅವರಿಗೆ ಕೋಟೆಯಿರಲಿಲ್ಲ. ಇಂಗ್ಲಿಷರ ಪಡೆ ನವೆಂಬರ್ ಕೊನೆಯಲ್ಲಿ ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನು, 14ರಂದು ಹಲಗಲಿಯಲ್ಲಿ 6 ಜನರನ್ನು ಗಲ್ಲಿಗೇರಿಸಿದರು. ಮುಧೋಳದ ಸಂಸ್ಥಾನ ಈ ಮಣ್ಣಿನದೇ. ಆದರೆ ಅಂದು ಅದು ನಿಂತದ್ದು ಇಂಗ್ಲಿಷರ ಕಡೆ. “ನಮ್ಮವರು” ಎಂಬ ಮಾತಿನ ನಟ್ಟನಡುವೆಯೇ ಒಂದು ಗೋಡೆ ಎದ್ದು ನಿಲ್ಲುವುದು ಹೀಗೆ.

ಹಲಗಲಿಯವರಿಗೆ ಕಲ್ಲು ಉಳಿಯಲಿಲ್ಲ, ಹಾಡು ಉಳಿಯಿತು. ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳನ್ನು ಹತ್ತನೆಯ ತರಗತಿಯ ಮಕ್ಕಳು ಇಂದಿಗೂ ಬಲ್ಲರು, ಲಾವಣಿಯ ದೆಸೆಯಿಂದ. ಕಲ್ಲು ಆಳಿದವರದು, ಹಾಡು ಆಳಿಸಿಕೊಂಡವರದು ಎಂದು ಇಲ್ಲಿಗೆ ಮುಗಿಸಿಬಿಟ್ಟರೆ ಚೆಂದವಾಗಿಯೇ ಇರುತ್ತದೆ. ಆದರೆ ಸತ್ಯ ಅಷ್ಟು ನೇರವಾಗಿಲ್ಲ. ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚಿಗೆ ತಂದವನು ಜೆ.ಎಫ್. ಫ್ಲೀಟ್, ಇಂಗ್ಲಿಷ್ ಸರಕಾರದ ಅಧಿಕಾರಿ. ಊರು ಸುಟ್ಟ ಆಡಳಿತದ ಕೈಯೇ ಊರಿನ ಹಾಡನ್ನೂ ಬರೆದಿಟ್ಟಿತು. ಅದಕ್ಕೆ ನಾವು ಋಣಿಗಳೇ? ಹೌದು. ಹಾಗೆಂದು ಬೆಂಕಿ ಮನ್ನಾ ಆಗುತ್ತದೆಯೇ? ಇಲ್ಲ. ಋಣವೂ ಉಳಿಯುತ್ತದೆ, ಬೆಂಕಿಯ ನೆನಪೂ ಉಳಿಯುತ್ತದೆ. ಒಂದನ್ನು ಇನ್ನೊಂದಕ್ಕೆ ವಜಾ ಹಾಕಲು ಬರುವುದಿಲ್ಲ.

ಹಾಗಾದರೆ ಪರದೇಶದವರು ಕಟ್ಟಿದ ಕೋಟೆಯನ್ನು ಕೆಡವಬೇಕೇ, ಕಾಯಬೇಕೇ? ಕಾಯಬೇಕು ಎಂದೇ ನನಗನಿಸುತ್ತದೆ. ಕೆಡವಿದರೆ ಅನ್ಯಾಯದ ಗುರುತು ಹೋಗುತ್ತದೆಯೇ ಹೊರತು ಅನ್ಯಾಯವಲ್ಲ. ಆದರೆ ಕಾಯುವವನ ಮೇಲೆ ಒಂದು ಕೆಲಸ ಬೀಳುತ್ತದೆ. ಬುರುಜಿನ ಎತ್ತರವನ್ನು ಹೊಗಳುವ ಮೊದಲು, ಅದು ಯಾರ ಅಂಜಿಕೆಯಿಂದ ಎದ್ದದ್ದು, ಆ ಅಂಜಿಕೆಯ ಬೆಲೆ ತೆತ್ತವರು ಯಾರು ಎಂದು ಕೇಳಬೇಕು. ಶಿವಪ್ಪನಾಯಕನ ಕೋಟೆಯ ಮುಂದೆಯೂ ಇದನ್ನೇ ಕೇಳಬೇಕು, ಮುಧೋಳದ ಸಂಸ್ಥಾನದ ಮುಂದೆಯೂ. ಪರಕೀಯರಿಗಷ್ಟೇ ಕೇಳುವ ಪ್ರಶ್ನೆ ನ್ಯಾಯದ ಪ್ರಶ್ನೆಯಲ್ಲ, ಬರೀ ಜಗಳ.

ಮರುದಿನ ಆ ಹುಡುಗಿಗೆ ಇದನ್ನೇ ಹೇಳಿದೆ. “ಕೋಟೆ ಯಾರದು ಅಂತ ಕೇಳೂಕಿಂತ, ಹೊರಗ ಯಾರಿದ್ರು ಅಂತ ಕೇಳವಾ.” ಅವಳು ಸ್ವಲ್ಪ ಹೊತ್ತು ಯೋಚಿಸಿ, “ಹಂಗಾರ ಒಳಗ ಕಾವಲಿದ್ದ ಸಿಪಾಯಿಗೋಳು ಎಲ್ಲಿ ಬರ್ತಾರ್ರಿ?” ಎಂದಳು.

ಗಂಟೆ ಬಾರಿಸಿತು. ಆ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ.