ಎರಡು ನವಿಲು, ಒಂದು ಜಿಂಕೆ

ಮುಪ್ಪು ಬೇಡವೆನ್ನುವುದು ತಪ್ಪೇ? ಎಂಬತ್ತೆರಡರ ನನ್ನ ಅವ್ವ ಮೊಣಕಾಲು ಹಿಡಿದುಕೊಂಡು ಕಟ್ಟೆಯಿಂದ ಏಳುವಾಗೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ. ಲಿಂಗಸುಗೂರಿನಲ್ಲಿ ಮಾಡಿಸಿದ ರಕ್ತಪರೀಕ್ಷೆಯ ಚೀಟಿಯಲ್ಲಿ ಅಲ್ಬುಮಿನ್ ಎಂಬ ಪ್ರೋಟೀನು ಈ ಸಲ ಇನ್ನಷ್ಟು ಇಳಿದಿತ್ತು. ವಯಸ್ಸಾದಂತೆ ಅದು ತುಸು ಇಳಿಯುವುದುಂಟು.

ಅಂದು ಸಂಜೆ ನಾನು ಓದಿದ್ದ ಸಂಗತಿಯೊಂದನ್ನು ಅವಳಿಗೆ ಹೇಳಿದೆ. 2013ರಲ್ಲಿ ಅಮೆರಿಕದ ಹಾರ್ವರ್ಡ್ ವಿಜ್ಞಾನಿಗಳು ಮುದಿ ಇಲಿಯನ್ನೂ ಎಳೆಯ ಇಲಿಯನ್ನೂ ಪಕ್ಕೆಗೆ ಪಕ್ಕೆ ಹೊಲಿದು, ಎರಡರ ರಕ್ತವೂ ಬೆರೆತು ಹರಿಯುವಂತೆ ಮಾಡಿದ್ದರು. ನಾಲ್ಕು ವಾರಗಳಲ್ಲಿ ಮುದಿ ಇಲಿಯ ದಪ್ಪಗಟ್ಟಿದ ಹೃದಯ ಕುಗ್ಗಿತು. ಜಿಡಿಎಫ್-11 ಎಂಬ ಪ್ರೋಟೀನು ವಯಸ್ಸಾದಂತೆ ರಕ್ತದಲ್ಲಿ ಕಡಿಮೆಯಾಗುವುದೇ ಹೃದಯದ ಮುಪ್ಪಿಗೆ ಕಾರಣವಿರಬೇಕೆಂದು ಅವರು ಬರೆದರು.

"ಯಯಾತಿ ಕಥಿ ಆತಲ್ಲಬೇ" ಎಂದಳು ಅವ್ವ. "ಆದ್ರ ಪುರು ತಾನ ಒಪ್ಪಿ ಕೊಟ್ಟಿದ್ದ. ಈ ಇಲಿಮರೀನ ಯಾರು ಕೇಳ್ಯಾರ?"

ಮೂವತ್ತು ವರ್ಷ ಮಕ್ಕಳಿಗೆ ಉತ್ತರ ಹೇಳಿದವಳಿಗೆ ಅಂದು ಮಾತು ಹೊರಡಲಿಲ್ಲ. ಅವಳು ನುಂಗುವ ಗುಳಿಗೆಗಳೂ ಪ್ರಾಣಿಗಳ ಮೇಲೆ ಪರೀಕ್ಷೆಯಾಗಿಯೇ ಬಂದವು. ಅವನ್ನು ಬಿಡು ಎನ್ನುವ ಧೈರ್ಯ ನನಗಿಲ್ಲ.

ಕಥೆ ಅಲ್ಲಿಗೇ ಮುಗಿಯಲಿಲ್ಲ. 2015ರಲ್ಲಿ ನೋವಾರ್ಟಿಸ್ ಕಂಪನಿಯ ಸಂಶೋಧಕರು ಬೇರೆಯೇ ಮಾತು ಹೇಳಿದರು. ಜಿಡಿಎಫ್-11ನ್ನೂ ಅದನ್ನೇ ಹೋಲುವ ಮಯೋಸ್ಟಾಟಿನ್ ಎಂಬ ಪ್ರೋಟೀನನ್ನೂ ಬೇರೆ ಮಾಡಿ ಗುರುತಿಸಲು ಮೊದಲಿನ ಪರೀಕ್ಷೆಗೆ ಬರುತ್ತಿರಲಿಲ್ಲ. ಸರಿಯಾಗಿ ಅಳೆದರೆ ಅದು ವಯಸ್ಸಿನೊಂದಿಗೆ ಇಳಿಯುವುದಿಲ್ಲ, ಏರುವಂತೆಯೇ ಕಾಣುತ್ತದೆ ಎಂದರು. ಹಾರ್ವರ್ಡಿನವರು ಒಪ್ಪಲಿಲ್ಲ, ವಾದ ಬೆಳೆಯಿತು. ನನಗೆ ಮಾತ್ರ ಹೊಲಿಗೆ ಹಾಕಿಸಿಕೊಂಡ ಆ ಇಲಿಗಳೇ ಕಣ್ಣ ಮುಂದೆ ಬಂದವು. ಅಳತೆ ತಪ್ಪಿದ್ದರೆ ತಿದ್ದಿ ಬರೆಯಬಹುದು. ಅವುಗಳ ಜೀವವನ್ನು ತಿರುಗಿ ಕೊಡಲಾದೀತೆ?

ಮೊದಲು ನಮ್ಮದೇ ತಾಲ್ಲೂಕಿಗೆ ಸೇರಿದ್ದ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಿಂದ ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ತಿಳಿಯಿತು. ಅದೇ ಅರಸು ಗಿರ್ನಾರಿನ ಬಂಡೆಯ ಮೇಲೆ ಒಂದು ಲೆಕ್ಕ ಬರೆಸಿದ್ದಾನೆ: ಮೊದಲು ತನ್ನ ಅಡುಗೆಮನೆಗೆ ದಿನವೂ ಲಕ್ಷಗಟ್ಟಲೆ ಪ್ರಾಣಿಗಳು ಬಲಿಯಾಗುತ್ತಿದ್ದವು, ಈಗ ಎರಡು ನವಿಲು, ಒಂದು ಜಿಂಕೆ, ಜಿಂಕೆಯೂ ನಿತ್ಯವಲ್ಲ, ಮುಂದೆ ಇವನ್ನೂ ಕೊಲ್ಲಲಾಗದು. ನಾನು ಶುದ್ಧನೆಂದು ಅವನು ಹೇಳಿಕೊಳ್ಳಲಿಲ್ಲ. ಉಳಿದ ತಪ್ಪನ್ನು ಎಣಿಸಿ, ಊರೆಲ್ಲ ಓದುವಂತೆ ಕೆತ್ತಿಸಿದ.

ಪ್ರಯೋಗಶಾಲೆಯಿಂದಲೂ ನಾನು ಕೇಳುವುದು ಇಷ್ಟೇ. ಪ್ರಾಣಿಯಿಲ್ಲದೆ ಆಗುವ ಕೆಲಸಕ್ಕೆ ಪ್ರಾಣಿ ಬೇಡ. ತೆಗೆದುಕೊಂಡರೆ ಅಳತೆ ಸರಿಯಿರಲಿ, ಎಣಿಕೆ ಮುಚ್ಚಿಡುವುದು ಬೇಡ. ಅದರಿಂದ ಸಾಲ ತೀರುತ್ತದೆಂದಲ್ಲ; ಸಾಲ ಇದೆಯೆಂಬುದಾದರೂ ನೆನಪಿರುತ್ತದೆ.

ರಾತ್ರಿ ಗುಳಿಗೆ ಕೊಟ್ಟೆ. ಅವ್ವ ಅದನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿ, ನುಂಗಿದಳು.