ಬೆಟ್ಟದ ನೀರು, ತರಗತಿಯ ಪ್ರಶ್ನೆ

ಕೊರಟಗೆರೆ ತಾಲ್ಲೂಕಿನ ಸಿದ್ದರಬೆಟ್ಟ ಹತ್ತಿದವರು ಗುಹೆಯ ಸಿದ್ಧೇಶ್ವರನಿಗೆ ಕೈಮುಗಿದು, ಅಲ್ಲಿನ ನೀರನ್ನು ತೀರ್ಥವೆಂದು ಸೇವಿಸುತ್ತಾರೆ. ಆ ನೀರಿಗೂ ಬೆಟ್ಟದ ಗಿಡಮೂಲಿಕೆಗಳಿಗೂ ಕಾಯಿಲೆ ವಾಸಿ ಮಾಡುವ ಗುಣವಿದೆ ಎಂಬುದು ಸುತ್ತಲಿನ ನಂಬಿಕೆ. ಇದೇ ಸೀಮೆಯ ಹೈಸ್ಕೂಲು ಮಕ್ಕಳು ಸಮಾಜ ವಿಜ್ಞಾನದಲ್ಲಿ ಮೂಲಭೂತ ಕರ್ತವ್ಯಗಳನ್ನು ಓದುತ್ತಾರೆ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಅವುಗಳಲ್ಲೊಂದು.

ಹಾಗಾದರೆ ಕೈಮುಗಿಯುವುದನ್ನು ಬಿಡಬೇಕೆ?

ಸಂವಿಧಾನ ಹಾಗೆನ್ನುವುದಿಲ್ಲ. ಅದರ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಕಾಯುತ್ತದೆ. 28ನೇ ವಿಧಿ, ಪೂರ್ತಿ ಸರ್ಕಾರದ ಹಣದಲ್ಲೇ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದೆನ್ನುತ್ತದೆ. 1976ರ 42ನೇ ತಿದ್ದುಪಡಿ ತಂದ 51ಎ ವಿಧಿ, ವಿಚಾರಿಸಿ ನೋಡುವುದನ್ನೂ ಪೌರನ ಕರ್ತವ್ಯವಾಗಿಸಿತು.

ಅದೇ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಈ ಭೌತವಿಜ್ಞಾನದ ಮೇಷ್ಟ್ರು, ಪವಾಡವನ್ನು ಪರೀಕ್ಷೆಗೆ ಒಡ್ಡುವಂತೆ ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದರು. ಉತ್ತರ ಬರಲಿಲ್ಲ. ಸಮಿತಿ ಕೇಳಿದ್ದು ಪುರಾವೆಯನ್ನು. ಭಕ್ತರು ಭಜನೆ ನಿಲ್ಲಿಸಲಿ ಎಂದಲ್ಲ.

ಪೌರನೀತಿಯ ತರಗತಿಗೆ ಬೇಕಾದ ಗೆರೆ ಇಲ್ಲೇ ಇದೆ. ‘ಈ ನೀರು ಚರ್ಮರೋಗ ಗುಣಪಡಿಸುತ್ತದೆ’ ಎಂದರೆ ಮಕ್ಕಳು ಕೇಳಬಹುದು: ಯಾರಿಗೆ ಗುಣವಾಯಿತು? ಜೊತೆಗೆ ಬೇರೆ ಔಷಧಿ ತೆಗೆದುಕೊಂಡಿದ್ದರೇ? ಗುಣವಾಗದವರ ಲೆಕ್ಕ ಇಟ್ಟವರುಂಟೇ? ‘ಬೆಟ್ಟ ಹತ್ತಿದರೆ ಮನಸ್ಸಿಗೆ ನೆಮ್ಮದಿ’ ಎಂದು ಅಜ್ಜಿ ಹೇಳಿದರೆ ಅದಕ್ಕೆ ಪ್ರಯೋಗಾಲಯದ ಚೀಟಿ ಬೇಕಿಲ್ಲ. ಎರಡೂ ಮಾತು ಒಬ್ಬಳೇ ಅಜ್ಜಿಯ ಬಾಯಲ್ಲಿ ಬಂದಾಗಲೇ ಮೇಷ್ಟ್ರಿಗೆ ನಿಜವಾದ ಕೆಲಸ: ಮೊದಲನೆಯದನ್ನು ಪ್ರಶ್ನಿಸಿದ ಹುಡುಗಿಯನ್ನು ನಾಸ್ತಿಕಳೆಂದೂ, ಎರಡನೆಯದನ್ನು ಒಪ್ಪಿದ ಹುಡುಗನನ್ನು ದಡ್ಡನೆಂದೂ ತರಗತಿ ಹಂಗಿಸದಂತೆ ಚರ್ಚೆ ನಡೆಸುವುದು.